ಹಳೆಯ ಟೂ-ಇನ್-ಒನ್ ರಿಪೇರಿ: ಕೆಟ್ಟಿರುವುದು ಯಾವುದು, ಮೊದಲು ಮುಟ್ಟಬೇಕಾದ್ದು ಯಾವುದು

ಇಪ್ಪತ್ತು ಮೂವತ್ತು ವರ್ಷ ಅಟ್ಟದ ಮೇಲಿದ್ದ ಟೂ-ಇನ್-ಒನ್ (ರೇಡಿಯೊ ಮತ್ತು ಕ್ಯಾಸೆಟ್ ಪ್ಲೇಯರ್ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟು) ಒಂದನ್ನು ಕೆಳಗಿಳಿಸಿ, ಹೊಸ ಸೆಲ್ ಹಾಕಿ, ಕ್ಯಾಸೆಟ್ ಇಟ್ಟು ಪ್ಲೇ ಗುಂಡಿ ಒತ್ತಿದಾಗ ಅದು ಹಾಡದಿದ್ದರೆ, ಒಳಗಿನ ಬೋರ್ಡ್ ಹೋಗಿದೆ ಎಂದು ಹೆಚ್ಚಿನವರು ತೀರ್ಮಾನಿಸಿಬಿಡುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಈ ತೀರ್ಮಾನ ತಪ್ಪು. 1970 ಮತ್ತು 80ರ ದಶಕಗಳ ಸೆಟ್ಟುಗಳಲ್ಲಿರುವ ಸಿಲಿಕಾನ್ ಟ್ರಾನ್ಸಿಸ್ಟರುಗಳು, ಐಸಿಗಳು, ರೆಸಿಸ್ಟರುಗಳು, ಸ್ಪೀಕರಿನ ಅಯಸ್ಕಾಂತ ಇವು ಸುಮ್ಮನೆ ಇಟ್ಟಿದ್ದಕ್ಕೆ ಹಾಳಾಗುವ ವಸ್ತುಗಳಲ್ಲ. ವಯಸ್ಸಾಗುವುದು ರಬ್ಬರಿಗೆ, ಗ್ರೀಸಿಗೆ, ಸ್ವಿಚ್ಚುಗಳೊಳಗಿನ ಲೋಹದ ಮೈಗೆ ಮತ್ತು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳೊಳಗಿನ ದ್ರವಕ್ಕೆ. ಆದ್ದರಿಂದ ರಿಪೇರಿಗೆ ಒಂದು ಸಹಜವಾದ ಕ್ರಮವಿದೆ: ಮೊದಲು ಶುಚಿ, ಆಮೇಲೆ ರಬ್ಬರು, ಅನಂತರ ಸಂಪರ್ಕಗಳು ಮತ್ತು ಕೆಪಾಸಿಟರುಗಳು, ಕಾರ್ಖಾನೆಯಲ್ಲಿ ಹೊಂದಿಸಿಟ್ಟ ತಿರುಪುಗಳನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಹಾಳಾದ ಸೆಟ್ಟುಗಳಲ್ಲಿ ಎಷ್ಟೋ ಸೆಟ್ಟುಗಳು ವಯಸ್ಸಿನಿಂದ ಹಾಳಾಗಿರದೆ, ಈ ಕ್ರಮವನ್ನು ತಲೆಕೆಳಗು ಮಾಡಿದವರ ಕೈಯಲ್ಲಿ ಹಾಳಾಗಿರುತ್ತವೆ.

ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ನೆದರ್ಲೆಂಡ್ಸಿನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮೊದಲು ತೋರಿಸಿತು. ರೇಡಿಯೊವನ್ನೂ ಕ್ಯಾಸೆಟ್ಟನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಯಂತ್ರವನ್ನು ಅದೇ ಕಂಪನಿ 1966ರಲ್ಲಿ ಮಾರುಕಟ್ಟೆಗೆ ತಂದಿತು. ನಂತರದ ಎರಡು ದಶಕಗಳಲ್ಲಿ ಈ ವರ್ಗದ ಬಹುತೇಕ ಒಳ್ಳೆಯ ಯಂತ್ರಗಳು ಜಪಾನಿನಿಂದ ಬಂದವು: ನ್ಯಾಷನಲ್ ಪ್ಯಾನಾಸೋನಿಕ್, ಸ್ಯಾನ್ಯೊ, ಶಾರ್ಪ್, ಸೋನಿ, ಜೆವಿಸಿ. ಕರಾವಳಿಯ ಎಷ್ಟೋ ಮನೆಗಳಿಗೆ ಅವು ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಬಂದವು. ಒಳನಾಡಿನಲ್ಲಿ ಫಿಲಿಪ್ಸ್, ಬಿಪಿಎಲ್-ಸ್ಯಾನ್ಯೊ ಮುಂತಾದ ಇಲ್ಲಿಯೇ ತಯಾರಾದ ಸೆಟ್ಟುಗಳು ಹೆಚ್ಚು ಕಾಣುತ್ತಿದ್ದವು. ಹೆಸರು ಯಾವುದೇ ಇರಲಿ, ಒಳಗಿನ ತತ್ವ ಒಂದೇ ಆಗಿರುವುದರಿಂದ ಒಂದನ್ನು ಸರಿಯಾಗಿ ಅರ್ಥಮಾಡಿಕೊಂಡವರು ಮಿಕ್ಕವುಗಳನ್ನೂ ಬಿಚ್ಚಬಲ್ಲರು.

ಟೇಪಿನ ಅಗಲ 3.81 ಮಿಲಿಮೀಟರ್. ಅದು ಟೇಪಿನಿಂದ ಧ್ವನಿಯನ್ನು ಓದುವ ಹೆಡ್ಡಿನ ಮುಂದೆ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ, ಸ್ವಲ್ಪವೂ ತೂಗಾಡದೆ ಸಾಗಬೇಕು. ಈ ವೇಗವನ್ನು ನಿರ್ಧರಿಸುವುದು ಕ್ಯಾಸೆಟ್ಟಿನ ಗಾಲಿಗಳಲ್ಲ. ಕ್ಯಾಪ್‌ಸ್ಟನ್ ಎಂಬ ಸಣ್ಣ ಉಕ್ಕಿನ ಕಡ್ಡಿ. ರಬ್ಬರಿನ ಪಿಂಚ್ ರೋಲರ್ ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುತ್ತದೆ, ಕಡ್ಡಿ ತಿರುಗಿದಷ್ಟೇ ಟೇಪು ಮುಂದೆ ಸರಿಯುತ್ತದೆ. ಕಡ್ಡಿಯ ವ್ಯಾಸ 2 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು 6.28 ಮಿಲಿಮೀಟರ್, ಅಂದರೆ ಅದು ನಿಮಿಷಕ್ಕೆ ಸುಮಾರು 455 ಸುತ್ತು ತಿರುಗಬೇಕು. ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ 2400 ಸುತ್ತು ತಿರುಗುವುದರಿಂದ, ಮೋಟಾರಿನ ಚಿಕ್ಕ ಪುಲ್ಲಿಯಿಂದ ಕ್ಯಾಪ್‌ಸ್ಟನ್ನಿನ ಬುಡದಲ್ಲಿರುವ ದೊಡ್ಡ ಫ್ಲೈವೀಲಿಗೆ ಒಂದು ಬೆಲ್ಟ್ ಹಾಕಿ ವೇಗವನ್ನು ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು ತಗ್ಗಿಸುತ್ತಾರೆ. ಫ್ಲೈವೀಲಿನ ತೂಕ ಮೋಟಾರಿನ ಸಣ್ಣಪುಟ್ಟ ಕುಲುಕಾಟಗಳನ್ನು ನುಂಗಿಹಾಕುತ್ತದೆ. ಇಡೀ ಯಂತ್ರದ ಸಂಗೀತಜ್ಞಾನ ನಿಂತಿರುವುದು ಈ ಕಡ್ಡಿ, ಈ ರೋಲರು, ಈ ಬೆಲ್ಟು ಮೂರರ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ. ಅವುಗಳಲ್ಲಿ ಎರಡು ರಬ್ಬರಿನವು ಎಂಬುದನ್ನು ನೆನಪಿನಲ್ಲಿಡಬೇಕು.

ಮೊದಲು ಹೋಗುವುದು ಬೆಲ್ಟು. ಕೆಲವು ಬೆಲ್ಟುಗಳು ಸಡಿಲವಾಗಿ ಜಾರತೊಡಗುತ್ತವೆ, ಆಗ ಹಾಡು ಎಳೆದಂತೆ ಕೇಳಿಸುತ್ತದೆ. ಕೆಲವು ಗಟ್ಟಿಯಾಗಿ, ವರ್ಷಗಟ್ಟಲೆ ನಿಂತ ಆಕಾರದಲ್ಲೇ ಸೆಟೆದುಕೊಂಡು, ಪ್ರತಿ ಸುತ್ತಿನಲ್ಲೂ ಒಮ್ಮೆ ಸ್ವರವನ್ನು ಅಲುಗಿಸುತ್ತವೆ. ಮೂರನೆಯ ಬಗೆಯೇ ಕೆಟ್ಟದ್ದು: ಬೆಲ್ಟು ಪೂರ್ತಿ ಕರಗಿ ಕಪ್ಪು ಅಂಟಾಗಿಬಿಟ್ಟಿರುತ್ತದೆ. ಹಿಂದಿನ ಮುಚ್ಚಳ ತೆಗೆದು ಫ್ಲೈವೀಲಿನತ್ತ ನೋಡಿದರೆ ಅದರ ಅಂಚಿನಲ್ಲಿ ಡಾಂಬರಿನಂಥ ಪಟ್ಟಿ ಕಾಣುತ್ತದೆ; ಬೆರಳು ತಾಗಿದರೆ ಸಾಕು, ಅಲ್ಲಿಂದ ಕ್ಯಾಬಿನೆಟ್ಟಿಗೆ, ಮೇಜಿಗೆ, ಬಟ್ಟೆಗೆಲ್ಲ ಹರಡುತ್ತದೆ. ಅದನ್ನು ತೆಗೆಯುವಾಗ ಅವಸರ ಕೂಡದು. ಕೈಗೆ ತೆಳು ಗ್ಲೋವ್ಸ್ ಹಾಕಿಕೊಂಡು, ದಪ್ಪ ಅಂಟನ್ನು ಮೊದಲು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದು, ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಪ್ರತಿ ಹತ್ತಿಯ ತುಂಡನ್ನೂ ಒಂದೇ ಸಲ ಬಳಸಿ ಬಿಸಾಡಬೇಕು, ಇಲ್ಲದಿದ್ದರೆ ಅಂಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಮೋಟಾರಿನ ಪುಲ್ಲಿಯ ತೋಡಿನಲ್ಲಿ ಸೇರಿಕೊಂಡದ್ದಕ್ಕೆ ಹಲ್ಲುಕಡ್ಡಿ ಬೇಕು. ಆ ತೋಡಿನಲ್ಲಿ ತೆಳುವಾದ ಒಂದು ಪದರ ಉಳಿದರೂ ಪುಲ್ಲಿಯ ವ್ಯಾಸ ಹೆಚ್ಚಿ ವೇಗ ಬದಲಾಗುತ್ತದೆ, ಪದರ ಸಮವಾಗಿರದಿದ್ದರೆ ಸ್ವರ ನಡುಗುತ್ತದೆ. ಸ್ಟೀಲಿನ ಸ್ಕ್ರೂಡ್ರೈವರಿನಿಂದ ಕೆರೆದರೆ ಹಿತ್ತಾಳೆಯ ಪುಲ್ಲಿಗೆ ಗೀರು ಬೀಳುತ್ತದೆ. ಆ ಗೀರು ಶಾಶ್ವತ.

ಹೊಸ ಬೆಲ್ಟಿನ ಅಳತೆ ಹಳೆಯದರಿಂದ ಸಿಗುವುದಿಲ್ಲ, ಏಕೆಂದರೆ ಹಳೆಯದು ಹಿಗ್ಗಿರುತ್ತದೆ ಅಥವಾ ಇರುವುದೇ ಇಲ್ಲ. ಬೆಲ್ಟು ಹೋಗುವ ದಾರಿಯಲ್ಲೇ ಒಂದು ಹೊಲಿಗೆ ದಾರವನ್ನು ಬಿಗಿಯಾಗಿ ಸುತ್ತಿ, ಅದರ ಉದ್ದವನ್ನು ಅಳೆದು, ಅದಕ್ಕಿಂತ ಶೇಕಡಾ 5ರಿಂದ 8ರಷ್ಟು ಕಡಿಮೆ ಸುತ್ತಳತೆಯ ಬೆಲ್ಟನ್ನು ಆರಿಸಿಕೊಳ್ಳಬೇಕು. ಬಿಗಿಯಾದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಅತಿ ಬಿಗಿಯಾದ ಬೆಲ್ಟು ಮೋಟಾರಿನ ಬುಷ್ (ಅಕ್ಷ ತಿರುಗುವ ಲೋಹದ ಬಳೆ) ಸವೆಸುತ್ತದೆ, ಸೆಲ್ಲುಗಳನ್ನೂ ಬೇಗ ಮುಗಿಸುತ್ತದೆ. ಫ್ಲೈವೀಲಿಗೆ ಚಪ್ಪಟೆ ಬೆಲ್ಟು ಇದ್ದಲ್ಲಿ ಚಪ್ಪಟೆಯದನ್ನೇ, ಚೌಕ ಬೆಲ್ಟು ಇದ್ದಲ್ಲಿ ಚೌಕದ್ದನ್ನೇ ಹಾಕಬೇಕು. ಅಡುಗೆಮನೆಯ ರಬ್ಬರ್ ಬ್ಯಾಂಡ್ ಹಾಕಿ ಓಡಿಸಿದ ಸೆಟ್ಟುಗಳು ಆಗಾಗ ಕೈಗೆ ಬರುತ್ತವೆ; ಮೋಟಾರು ತಿರುಗುತ್ತದೆಯೇ ಎಂದು ನೋಡಲು ಅಷ್ಟು ಸಾಕು, ಹಾಡು ಕೇಳಲು ಸಾಲದು.

ಕ್ಯಾಸೆಟ್ ಸುತ್ತಿಕೊಂಡಿತು, ರೀಲನ್ನೆಲ್ಲ ನುಂಗಿತು ಎಂಬುದು ಈ ಯಂತ್ರಗಳ ಮೇಲೆ ಬರುವ ಅತಿ ಸಾಮಾನ್ಯ ದೂರು. ಹೆಚ್ಚಿನವರು ಕ್ಯಾಸೆಟ್ಟನ್ನೇ ದೂರುತ್ತಾರೆ. ನಡೆಯುವುದು ಇಷ್ಟು: ಕ್ಯಾಪ್‌ಸ್ಟನ್ ಸೆಕೆಂಡಿಗೆ 4.76 ಸೆಂಟಿಮೀಟರ್ ಟೇಪನ್ನು ಹೊರಗೆ ತಳ್ಳುತ್ತಲೇ ಇರುತ್ತದೆ, ಅದನ್ನು ಸುತ್ತಿಕೊಳ್ಳಬೇಕಾದ ಬಲಗಡೆಯ ಗಾಲಿ ನಿಂತುಬಿಟ್ಟಿರುತ್ತದೆ. ಹೋಗಲು ಜಾಗವಿಲ್ಲದ ಟೇಪು ಪಿಂಚ್ ರೋಲರಿಗೇ ಸುತ್ತಿಕೊಳ್ಳುತ್ತದೆ. ಹತ್ತು ಸೆಕೆಂಡಿನಲ್ಲಿ ಸುಮಾರು ಅರ್ಧ ಮೀಟರ್ ಒಳಗೆ ಹೋಗಿರುತ್ತದೆ. ಹಾಗಾಗಿ ನೋಡಬೇಕಾದ ಜಾಗ ಬಲಗಡೆಯ ಗಾಲಿಗೆ ಚಾಲನೆ ಕೊಡುವ ಐಡ್ಲರ್ ಚಕ್ರ, ಅದರ ರಬ್ಬರ್ ಟೈರು ಮತ್ತು ಗಾಲಿಯ ಕೆಳಗಿನ ಜಾರುವ ಕ್ಲಚ್ಚು. ಕ್ಯಾಸೆಟ್ ಇಲ್ಲದೆ ಪ್ಲೇ ಒತ್ತಿ, ಬಲಗಡೆಯ ಗಾಲಿಯನ್ನು ಬೆರಳಿನಿಂದ ಹಗುರವಾಗಿ ತಡೆದು ನೋಡಿದರೆ ಸ್ಥಿತಿ ಗೊತ್ತಾಗುತ್ತದೆ: ಸ್ವಲ್ಪ ತಡೆದರೂ ಮುಂದೆ ಹೋಗಲು ಒತ್ತಬೇಕು, ಗಟ್ಟಿಯಾಗಿ ಹಿಡಿದರೆ ಜಾರಬೇಕು. ಟೈರು ಹೊಳೆಯುತ್ತಿದ್ದರೆ ಅದರ ಹಿಡಿತ ಹೋಗಿದೆ ಎಂದರ್ಥ. ನುಣ್ಣನೆಯ ಮರಳು ಕಾಗದದಿಂದ ಮೇಲ್ಪದರವನ್ನು ಸಮನಾಗಿ ತೆಗೆದರೆ ಕೆಲವು ವರ್ಷ ಬಾಳುತ್ತದೆ, ಬಿರುಕು ಬಿಟ್ಟಿದ್ದರೆ ಬದಲಿಸದೆ ದಾರಿಯಿಲ್ಲ. ಗಾಲಿಯ ಅಕ್ಷದಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ಮೇಣದಂತಾಗಿದ್ದರೆ ಅದನ್ನು ಪೂರ್ತಿ ತೆಗೆದು ಒಂದೇ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಬೇಕು. ಹೆಚ್ಚು ಹಾಕಿದರೆ ಎಣ್ಣೆ ರಬ್ಬರಿಗೆ ಹರಿದು, ಸರಿಮಾಡಿದ ಕೆಲಸವನ್ನೇ ಕೆಡಿಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳನ್ನು ಈ ಯಂತ್ರದ ಒಳಗೆ ಎಲ್ಲಿಯೂ ಹೊಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಹೆಡ್ಡಿನ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಹೆಡ್ ಶುಚಿ ಮಾಡಿ ಎಂಬ ಹಳೆಯ ಸಲಹೆಗೆ ಎಷ್ಟು ಅರ್ಥವಿದೆ ಎಂಬುದು ಲೆಕ್ಕದಲ್ಲೇ ಕಾಣುತ್ತದೆ. ಸೆಕೆಂಡಿಗೆ 10,000 ಕಂಪನಗಳ ಒಂದು ಸ್ವರ, ಅಂದರೆ ತಾಳದ ಝಣತ್ಕಾರದಂಥದ್ದು, ಟೇಪಿನ ಮೇಲೆ ದಾಖಲಾದಾಗ ಅದರ ಒಂದು ಅಲೆಯ ಉದ್ದ 4.76 ಮೈಕ್ರೋಮೀಟರ್ ಮಾತ್ರ. ಹೆಡ್ಡಿಗೂ ಟೇಪಿಗೂ ನಡುವೆ ಅಂತರ ಬಂದಾಗ ಎಷ್ಟು ನಷ್ಟವಾಗುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಆರ್. ಎಲ್. ವ್ಯಾಲೇಸ್ 1951ರಲ್ಲಿ ತೋರಿಸಿಕೊಟ್ಟರು: ಅಂತರವು ಒಂದು ಅಲೆಯುದ್ದದಷ್ಟಾದರೆ ಸಂಕೇತ ಸುಮಾರು 54.6 ಡೆಸಿಬೆಲ್ (ಧ್ವನಿಮಟ್ಟದ ಅಳತೆ) ಕುಗ್ಗುತ್ತದೆ. ಈ ಸೂತ್ರದ ಪ್ರಕಾರ ಹೆಡ್ಡಿನ ಮೇಲೆ ಕೇವಲ 1 ಮೈಕ್ರೋಮೀಟರ್ ದಪ್ಪದ ಕೊಳೆ ಕೂತಿದ್ದರೂ ಆ 10,000 ಕಂಪನಗಳ ಸ್ವರ 11 ಡೆಸಿಬೆಲ್ಲಿಗಿಂತ ಹೆಚ್ಚು ಕುಗ್ಗುತ್ತದೆ. ಆದರೆ 100 ಕಂಪನಗಳ ಮಂದ್ರ ಸ್ವರದ ಅಲೆಯುದ್ದ 476 ಮೈಕ್ರೋಮೀಟರ್ ಇರುವುದರಿಂದ ಅದರಲ್ಲಿ ಆಗುವ ನಷ್ಟ ಡೆಸಿಬೆಲ್ಲಿನ ಹತ್ತನೇ ಒಂದು ಭಾಗವಷ್ಟೇ. ಕೊಳೆಯಾದ ಹೆಡ್ಡಿನಿಂದ ಮೃದಂಗ ಚೆನ್ನಾಗಿಯೇ ಕೇಳಿಸಿ, ಹಾಡಿನ ‘ಸ’ಕಾರ ‘ಶ’ಕಾರಗಳು ಮಾತ್ರ ಕಂಬಳಿಯೊಳಗಿಂದ ಬಂದಂತೆ ಇರುವುದು ಇದೇ ಕಾರಣಕ್ಕೆ. ಕಣ್ಣಿಗೆ ಶುಚಿಯಾಗಿ ಕಾಣುವ ಹೆಡ್ಡಿನ ಮೇಲೂ ಅಷ್ಟು ತೆಳುವಾದ ಪದರ ಇರಬಹುದು. ಆದ್ದರಿಂದ ಬೇರೇನನ್ನೂ ಅನುಮಾನಿಸುವ ಮೊದಲು ಹೆಡ್, ಅಳಿಸುವ ಹೆಡ್, ಕ್ಯಾಪ್‌ಸ್ಟನ್ ಇವುಗಳನ್ನು ಆಲ್ಕೋಹಾಲ್ ಹತ್ತಿಯಿಂದ, ಹತ್ತಿಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಬೇಕು. ಪಿಂಚ್ ರೋಲರಿನ ರಬ್ಬರಿಗೆ ಸೋಪಿನ ನೀರಿನ ಒದ್ದೆ ಬಟ್ಟೆ ಸಾಕು.

ಇಷ್ಟಾದರೂ ಧ್ವನಿ ಮಂಕಾಗಿದ್ದರೆ ಮೊದಲು ಬೇರೆ ಕ್ಯಾಸೆಟ್ ಹಾಕಿ ನೋಡಬೇಕು. ಕ್ಯಾಸೆಟ್ಟಿನ ಒಳಗೆ ಟೇಪಿನ ಹಿಂದೆ ತೆಳ್ಳನೆಯ ಲೋಹದ ಪಟ್ಟಿಯ ಮೇಲೆ ಒಂದು ಸಣ್ಣ ಉಣ್ಣೆಯ ತುಂಡು ಅಂಟಿಸಿರುತ್ತಾರೆ. ಟೇಪನ್ನು ಹೆಡ್ಡಿಗೆ ಒತ್ತುವುದು ಅದರ ಕೆಲಸ. ಹಳೆಯ ಕ್ಯಾಸೆಟ್ಟುಗಳಲ್ಲಿ ಅದರ ಅಂಟು ಒಣಗಿ ತುಂಡು ಬಿದ್ದುಹೋಗಿರುತ್ತದೆ, ದೋಷ ಮಾತ್ರ ಯಂತ್ರದ ತಲೆಗೆ ಬರುತ್ತದೆ. ಎರಡು ಮೂರು ಕ್ಯಾಸೆಟ್ಟುಗಳಲ್ಲೂ ಹಾಗೆಯೇ ಇದ್ದರೆ ಮಾತ್ರ ಹೆಡ್ಡಿನ ಓರೆಯ ಪ್ರಶ್ನೆ ಏಳುತ್ತದೆ. ಹೆಡ್ಡಿನ ಮಧ್ಯದ ಸೂಕ್ಷ್ಮ ಸೀಳು ಟೇಪಿನ ಓಟಕ್ಕೆ ಸರಿಯಾಗಿ 90 ಡಿಗ್ರಿ ಕೋನದಲ್ಲಿರಬೇಕು. ಇದನ್ನು ಅಜಿಮತ್ ಎನ್ನುತ್ತಾರೆ. ಮೋನೊ ಸೆಟ್ಟಿನಲ್ಲಿ ಟ್ರ್ಯಾಕಿನ ಅಗಲ 1.5 ಮಿಲಿಮೀಟರ್. ಕೋನದಲ್ಲಿ ಡಿಗ್ರಿಯ ಐದನೇ ಒಂದು ಭಾಗದಷ್ಟು ತಪ್ಪಿದರೂ ಟ್ರ್ಯಾಕಿನ ಮೇಲಂಚಿಗೂ ಕೆಳಅಂಚಿಗೂ 5 ಮೈಕ್ರೋಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಅಂದರೆ 10,000 ಕಂಪನಗಳ ಸ್ವರದ ಒಂದು ಪೂರ್ಣ ಅಲೆಯಷ್ಟು. ಆಗ ಮೇಲಿನ ಭಾಗ ಕೆಳಗಿನ ಭಾಗವನ್ನು ರದ್ದು ಮಾಡಿ ಆ ಸ್ವರ ಬಹುತೇಕ ಇಲ್ಲವಾಗುತ್ತದೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇರುತ್ತದೆ, ಪ್ಲೇ ಒತ್ತಿದಾಗ ಅದರ ಎದುರಿಗೆ ಬರುವಂತೆ ಎಷ್ಟೋ ಸೆಟ್ಟುಗಳಲ್ಲಿ ಒಂದು ರಂಧ್ರವನ್ನೂ ಕೊಟ್ಟಿರುತ್ತಾರೆ. ಅದನ್ನು ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಕಾಗಿ ಬರುವುದು ಅಪರೂಪ.

ಆ ಸ್ಕ್ರೂವನ್ನು ಮುಟ್ಟುವ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದನ್ನು ಬಲ್ಲ ರಿಪೇರಿಗಾರರೂ ಗ್ರಾಹಕರಿಗೆ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಟೂ-ಇನ್-ಒನ್ ಬರೀ ಸಂಗೀತಾ, ಲಹರಿ ಕಂಪನಿಗಳ ಕ್ಯಾಸೆಟ್ಟುಗಳನ್ನು ಹಾಡಿಸಲಿಲ್ಲ. ಅಜ್ಜಿಯ ಸೋಬಾನೆ ಪದ, ಮಗುವಿನ ಮೊದಲ ಮಾತು, ಊರಿನ ಯಕ್ಷಗಾನದ ತಾಳಮದ್ದಲೆ, ಕೊಲ್ಲಿಯಲ್ಲಿದ್ದ ಗಂಡನಿಗೆ ಕಳಿಸಿದ ಮಾತಿನ ಪತ್ರ ಇವೆಲ್ಲ ಅದರಲ್ಲೇ ರೆಕಾರ್ಡ್ ಆದವು. ಅವು ಎಷ್ಟೋ ಸಲ ಇರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಆ ಸೆಟ್ಟಿನ ಹೆಡ್ ಅಂದು ಸ್ವಲ್ಪ ಓರೆಯಾಗಿದ್ದಿದ್ದರೆ, ರೆಕಾರ್ಡಿಂಗ್ ಕೂಡ ಅದೇ ಓರೆಯಲ್ಲಿ ಆಗಿರುತ್ತದೆ. ಅದೇ ಓರೆಯಲ್ಲಿ ಓದಿದಾಗಲೇ ಅದು ಸ್ಪಷ್ಟವಾಗಿ ಕೇಳುತ್ತದೆ. ಅಂಗಡಿಯ ಕ್ಯಾಸೆಟ್ಟಿಗೆ ಸರಿಯಾಗಿ ಹೆಡ್ಡನ್ನು ನೇರ ಮಾಡಿದ ಕ್ಷಣ ಮನೆಯ ರೆಕಾರ್ಡಿಂಗ್ ಮಂಕಾಗುತ್ತದೆ, ಹಳೆಯ ಕೋನವನ್ನು ಮತ್ತೆ ಹುಡುಕಲು ಹೆಣಗಬೇಕಾಗುತ್ತದೆ. ಹಾಗಾಗಿ ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳಿದ್ದರೆ ಹೆಡ್ ಶುಚಿ ಮಾಡಿ, ಬೆಲ್ಟು ಬದಲಿಸಿ, ಇದ್ದ ಕೋನದಲ್ಲೇ ಅವುಗಳ ಪ್ರತಿ ತೆಗೆದುಕೊಂಡು, ಅನಂತರವೇ ಹೊಂದಾಣಿಕೆಗೆ ಕೈಹಾಕಬೇಕು. ಸ್ಕ್ರೂವಿನ ಈಗಿನ ಸ್ಥಾನವನ್ನು ಪೆನ್ನಿನಿಂದ ಗುರುತು ಮಾಡಿಟ್ಟುಕೊಂಡರೆ ಇನ್ನೂ ಕ್ಷೇಮ. ಮೇಲಾಗಿ, ಪರೀಕ್ಷೆಗೆ ಬಳಸುವ ಯಾವುದೇ ಕ್ಯಾಸೆಟ್ಟಿನ ಹಿಂದಿನ ಅಂಚಿನ ಪ್ಲಾಸ್ಟಿಕ್ ಕೊಂಡಿಗಳನ್ನು ಮೊದಲೇ ಮುರಿದಿರಬೇಕು; ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ, ಹಳೆಯ ಧ್ವನಿ ಅಳಿಸಿಹೋಗುವುದಿಲ್ಲ. ರೆಕಾರ್ಡ್ ಸ್ವಿಚ್ಚು ಸಿಕ್ಕಿಕೊಂಡಿರುವ ಸೆಟ್ಟುಗಳಲ್ಲಿ ಈ ಮುನ್ನೆಚ್ಚರಿಕೆಯೂ ಸಾಲದು, ಆದ್ದರಿಂದ ಮೊದಲ ಪರೀಕ್ಷೆಗೆ ಹೋದರೂ ಬೇಸರವಾಗದ ಕ್ಯಾಸೆಟ್ಟನ್ನೇ ಇಡಬೇಕು.

ವೇಗವನ್ನು ಅಳೆಯಲು 3000 ಅಥವಾ 3150 ಹರ್ಟ್ಸ್ ಸ್ವರ ತುಂಬಿದ ಪರೀಕ್ಷಾ ಕ್ಯಾಸೆಟ್ಟುಗಳು ಸಿಗುತ್ತವೆ. ಅದನ್ನು ಹಾಕಿ ಫೋನಿನ ಫ್ರೀಕ್ವೆನ್ಸಿ ಆ್ಯಪ್ ಹತ್ತಿರ ಹಿಡಿದರೆ ವ್ಯತ್ಯಾಸ ನೇರವಾಗಿ ಕಾಣುತ್ತದೆ. ಅದು ಇಲ್ಲದವರಿಗೂ ದಾರಿಯಿದೆ. ಬೇಡದ ಕ್ಯಾಸೆಟ್ಟೊಂದನ್ನು ಬಿಚ್ಚಿ, ಟೇಪನ್ನು ಎಳೆಯದೆ ನೇರವಾಗಿ ಹಾಸಿ, ಅದರಲ್ಲಿ 4 ಮೀಟರ್ 76 ಸೆಂಟಿಮೀಟರ್ ಅಳೆದು ಎರಡೂ ತುದಿಗಳಲ್ಲಿ ಬಿಳಿ ಮಾರ್ಕರಿನಿಂದ ಗುರುತು ಹಾಕಿ ಮತ್ತೆ ಸುತ್ತಬೇಕು. ಸರಿಯಾದ ವೇಗದಲ್ಲಿ ಆ ಎರಡು ಗುರುತುಗಳು ಹೆಡ್ಡನ್ನು ದಾಟಲು 100 ಸೆಕೆಂಡ್ ತೆಗೆದುಕೊಳ್ಳಬೇಕು. 97 ಸೆಕೆಂಡಿಗೇ ದಾಟಿದರೆ ಸೆಟ್ಟು ಸುಮಾರು ಶೇಕಡಾ 3ರಷ್ಟು ಬೇಗ ಓಡುತ್ತಿದೆ. ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರ ಹೆಚ್ಚುಕಡಿಮೆ ಶೇಕಡಾ 6 ಆಗಿರುವುದರಿಂದ, ಈ 3 ಎಂದರೆ ಶ್ರುತಿ ಅರ್ಧ ಮನೆ ಏರಿದಂತೆ. ಹಾಡುವವರ ಕಿವಿಗೆ ಇದು ತಟ್ಟನೆ ತಿಳಿಯುತ್ತದೆ. ಬಹುತೇಕ ಮೋಟಾರುಗಳ ಹಿಂಭಾಗದಲ್ಲಿ ಒಂದು ಸಣ್ಣ ರಂಧ್ರವಿದ್ದು ಅದರೊಳಗೆ ವೇಗದ ತಿರುಪು ಇರುತ್ತದೆ. ಬೆಲ್ಟು ಬದಲಿಸಿ, ಅಕ್ಷಗಳಿಗೆ ಎಣ್ಣೆ ಹಾಕಿ, ಸೆಟ್ಟು ಹತ್ತು ನಿಮಿಷ ಓಡಿದ ಮೇಲಷ್ಟೇ ಅದನ್ನು ಮುಟ್ಟಬೇಕು. ಮೋಟಾರನ್ನೇ ಬದಲಿಸುವುದಾದರೆ ವೋಲ್ಟೇಜ್ ಮಾತ್ರವಲ್ಲದೆ ತಿರುಗುವ ದಿಕ್ಕೂ ಹೊಂದಬೇಕು. ದಿಕ್ಕನ್ನು ಹೊರಕವಚದ ಮೇಲೆ ಬಾಣದ ಗುರುತಿನಿಂದಲೋ ಅಕ್ಷರದಿಂದಲೋ ನಮೂದಿಸಿರುತ್ತಾರೆ. ವೇಗ ನಿಯಂತ್ರಣದ ಸರ್ಕ್ಯೂಟ್ ಒಳಗೇ ಇರುವ ಮೋಟಾರಿಗೆ ತಂತಿ ಅದಲುಬದಲು ಮಾಡಿ ದಿಕ್ಕು ತಿರುಗಿಸಲು ಹೋದರೆ ಅದು ಸುಟ್ಟುಹೋಗುತ್ತದೆ.

ವಿದ್ಯುತ್ತಿನ ಕಡೆಗೆ ಬಂದರೆ ಮೊದಲ ತೊಂದರೆ ಸೆಲ್ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಸೋರಿದ ಸೆಲ್ಲಿಗೆ ವಿನೆಗರ್ ಹಚ್ಚಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಅದು ಅಲ್ಕಲೈನ್ ಸೆಲ್ಲುಗಳಿಗೆ ಸರಿ, ಏಕೆಂದರೆ ಅವುಗಳಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಆದರೆ ನಮ್ಮಲ್ಲಿ ಅಂದು ಹೆಚ್ಚಾಗಿ ಬಳಕೆಯಲ್ಲಿದ್ದ ಎವರೆಡಿ, ನಿಪ್ಪೊ ಮುಂತಾದ ಸಾಮಾನ್ಯ ಸೆಲ್ಲುಗಳು ಜಿಂಕ್-ಕಾರ್ಬನ್ ಜಾತಿಯವು. ಅವುಗಳೊಳಗಿನ ಜಿಂಕ್ ಕ್ಲೋರೈಡ್, ಅಮೋನಿಯಂ ಕ್ಲೋರೈಡ್ ದ್ರಾವಣ ಆಮ್ಲದ ಗುಣದ್ದು. ಅದಕ್ಕೆ ವಿನೆಗರ್ ಹಚ್ಚುವುದರಲ್ಲಿ ಅರ್ಥವಿಲ್ಲ, ಅಡುಗೆ ಸೋಡಾದ ತಿಳಿ ನೀರು ಬೇಕು. ಒರೆಸಿ, ಒಣಗಿಸಿ, ಹಸಿರುಗಟ್ಟಿದ ಸ್ಪ್ರಿಂಗುಗಳನ್ನು ನುಣ್ಣನೆಯ ಕಾಗದದಿಂದ ಉಜ್ಜಬೇಕು. ಸೋರಿದ್ದು ತಂತಿಯೊಳಗೂ ಹತ್ತಿರುತ್ತದೆ. ಸಿಪ್ಪೆ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಸೋಲ್ಡರ್ ಅಂಟುವುದಿಲ್ಲ, ಆ ತಂತಿಯನ್ನೇ ಬದಲಿಸಬೇಕು.

ಅಡಾಪ್ಟರ್ ಹಾಕುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಎಷ್ಟೋ ಜಪಾನಿ ಸೆಟ್ಟುಗಳ ಡಿಸಿ ಸಾಕೆಟ್ಟಿನಲ್ಲಿ ನಡುವಿನ ಕಡ್ಡಿ ಋಣ, ಹೊರಗಿನದು ಧನ; ಇಂದು ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಹೆಚ್ಚಿನವು ಇದಕ್ಕೆ ತದ್ವಿರುದ್ಧ. ಸಾಕೆಟ್ಟಿನ ಪಕ್ಕದ ಚಿತ್ರವನ್ನು ನೋಡದೆ ಚುಚ್ಚಿದರೆ, ಮೂವತ್ತು ವರ್ಷ ಕ್ಷೇಮವಾಗಿದ್ದ ಐಸಿ ಒಂದು ಕ್ಷಣದಲ್ಲಿ ಹೋಗುತ್ತದೆ. ಜಪಾನಿನ ದೇಶೀ ಮಾರುಕಟ್ಟೆಯ ಸೆಟ್ಟುಗಳಿಗೆ ಬೇಕಾದ್ದು 100 ವೋಲ್ಟ್. ಅವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಬಹಳ ಕಾಲ ಮುಚ್ಚಿಟ್ಟ ಸೆಟ್ಟಿಗೆ ಮೊದಲ ಸಲ ಕರೆಂಟು ಕೊಡುವಾಗ ರಿಪೇರಿ ಅಂಗಡಿಗಳಲ್ಲಿ ಇರುವಂಥ ಸೀರೀಸ್ ಬಲ್ಬಿನ ಬೋರ್ಡನ್ನು (ಸೆಟ್ಟಿಗೆ ಹೋಗುವ ಕರೆಂಟು ಒಂದು ಬಲ್ಬಿನ ಮೂಲಕ ಹಾದುಹೋಗುವ ಜೋಡಣೆ) ಬಳಸುವುದು ಒಳ್ಳೆಯದು: 40 ವ್ಯಾಟಿನ ಹಳೆಯ ತಂತಿ ಬಲ್ಬು ಕ್ಷಣ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಈ ಕೆಲಸದ ಅಭ್ಯಾಸವಿಲ್ಲದವರು ಮೇನ್ಸ್ ಭಾಗವನ್ನು ಬಲ್ಲವರಿಗೆ ಬಿಟ್ಟು, ತಾವು ಸೆಲ್ಲಿನ ಮೇಲಷ್ಟೇ ಪರೀಕ್ಷೆ ಮಾಡಬೇಕು.

ಕರಕರ ಸದ್ದು, ಒಂದು ಸ್ಪೀಕರ್ ಮಾತ್ರ ಹಾಡುವುದು, ಸೆಟ್ಟಿಗೆ ಒಂದು ಏಟು ಹಾಕಿದಾಗ ಸರಿಹೋಗುವುದು ಇವೆಲ್ಲ ಸ್ವಿಚ್ಚು ಮತ್ತು ವಾಲ್ಯೂಮಿನ ಕಾಯಿಲೆಗಳು. ಬೋರ್ಡಿನ ಮೇಲೆ ಉದ್ದನೆಯ ಜಾರುವ ಸ್ವಿಚ್ಚೊಂದು ಇರುತ್ತದೆ, ಅದರಲ್ಲಿ ಹತ್ತಾರು ಬೆಳ್ಳಿ ಲೇಪದ ಸಂಪರ್ಕಗಳು. ರೆಕಾರ್ಡ್ ಗುಂಡಿ ಒತ್ತಿದಾಗ ಇಡೀ ಆಂಪ್ಲಿಫೈಯರಿನ ದಿಕ್ಕನ್ನೇ ಅದು ಬದಲಿಸುತ್ತದೆ. ವರ್ಷಗಟ್ಟಲೆ ಒಂದೇ ಸ್ಥಾನದಲ್ಲಿದ್ದರೆ ಬೆಳ್ಳಿ ಕಪ್ಪಾಗಿ ಸಂಪರ್ಕ ಅರೆಬರೆಯಾಗುತ್ತದೆ. ಆಗ ಕೂಗು, ಕಿರುಚು, ಮೌನ ಎಲ್ಲವೂ ಬರಬಹುದು. ನಾನು ನೋಡಿದ ಮಟ್ಟಿಗೆ, ಐಸಿ ಹೋಗಿದೆ ಎಂದು ಬಿಟ್ಟ ಸೆಟ್ಟುಗಳಲ್ಲಿ ನಿಜವಾದ ಕಳ್ಳ ಹೆಚ್ಚಾಗಿ ಈ ಸ್ವಿಚ್ಚೇ. ಸಂಪರ್ಕ ಶುಚಿಗೊಳಿಸುವ ಸ್ಪ್ರೇಯನ್ನು ಅದರ ಸಂದಿಯಲ್ಲಿ ಸ್ವಲ್ಪ ಹಾಕಿ, ಕರೆಂಟು ಇಲ್ಲದಿರುವಾಗ, ಹಲವು ಬಾರಿ ಹಿಂದೆ ಮುಂದೆ ಆಡಿಸಿದರೆ ಬಹುಪಾಲು ಸರಿಹೋಗುತ್ತದೆ.

ಕೆಪಾಸಿಟರುಗಳ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಸಂಪ್ರದಾಯಸ್ಥವಾದದ್ದು. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಪದ್ಧತಿ ಈಗ ಹೆಚ್ಚಾಗಿದೆ. ಅದರಿಂದ ಹಳೆಯ ಬೋರ್ಡಿನ ತಾಮ್ರದ ಗೆರೆಗಳು ಏಳುವ ಅಪಾಯವಿದೆ, ಹೊಸ ತಪ್ಪುಗಳೂ ಸೇರಿಕೊಳ್ಳುತ್ತವೆ. ಮೇನ್ಸಿನಲ್ಲಿ ಮಾತ್ರ ಗುಂಯ್ ಎಂಬ ಸದ್ದು, ಅಂದರೆ 100 ಹರ್ಟ್ಸಿನ ಹಮ್, ಬರುತ್ತಿದ್ದು ಸೆಲ್ಲಿನಲ್ಲಿ ಬಾರದಿದ್ದರೆ 1000 ಅಥವಾ 2200 ಮೈಕ್ರೋಫ್ಯಾರಡಿನ ದೊಡ್ಡ ಫಿಲ್ಟರ್ ಕೆಪಾಸಿಟರನ್ನು ಬದಲಿಸಬೇಕು. ಮಂದ್ರ ಸ್ವರವೇ ಇಲ್ಲದೆ ಧ್ವನಿ ತೆಳುವಾಗಿದ್ದರೆ ಸ್ಪೀಕರಿಗೆ ಹೋಗುವ ಕಪ್ಲಿಂಗ್ ಕೆಪಾಸಿಟರನ್ನು ನೋಡಬೇಕು. ಇಎಸ್‌ಆರ್ ಮೀಟರಿನಲ್ಲಿ (ಕೆಪಾಸಿಟರಿನ ಒಳ ರೋಧವನ್ನು ಅಳೆಯುವ ಸಾಧನ) ಅಳೆದು ಕೆಟ್ಟದ್ದನ್ನಷ್ಟೇ ತೆಗೆಯುವುದು ನಿಧಾನವಾದರೂ ಸರಿಯಾದ ದಾರಿ. ಐಸಿ ನಿಜವಾಗಿಯೂ ಹೋಗಿದ್ದರೆ ಗಾಬರಿ ಬೇಡ. ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಟಿಬಿಎ 810, ಎಲ್‌ಎ 3161ರಂಥವು ಹಳೆಯ ದಾಸ್ತಾನಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುವ ಸಾಧ್ಯತೆಯಿದೆ.

ರೇಡಿಯೊ ಭಾಗ ಸಾಮಾನ್ಯವಾಗಿ ಕಡಿಮೆ ತೊಂದರೆ ಕೊಡುತ್ತದೆ. ಅದರೊಳಗೆ ಬಣ್ಣ ಬಣ್ಣದ ತಲೆಯ ಚಿಕ್ಕ ಚೌಕ ಡಬ್ಬಿಗಳು ಕಾಣುತ್ತವೆ. ಅವು ಮಧ್ಯಮ ತರಂಗಕ್ಕೆ 455 ಕಿಲೋಹರ್ಟ್ಸ್‌ಗೆ, ಎಫ್‌ಎಂಗೆ 10.7 ಮೆಗಾಹರ್ಟ್ಸ್‌ಗೆ ಹೊಂದಿಸಿದ ಸುರುಳಿಗಳು. ಅವುಗಳ ತಿರುಪನ್ನು ಕುತೂಹಲಕ್ಕೂ ತಿರುಗಿಸಬಾರದು. ಸ್ಟೇಷನ್ನುಗಳು ಚೆನ್ನಾಗಿ ಬರುತ್ತಿದ್ದು ಮುಳ್ಳು ಮಾತ್ರ ತಪ್ಪು ಜಾಗ ತೋರಿಸುತ್ತಿದ್ದರೆ ದೋಷ ಹೆಚ್ಚಾಗಿ ಡಯಲ್ ದಾರದ್ದು: ದಾರ ಜಾರಿರುತ್ತದೆ, ಮುಳ್ಳನ್ನು ಸರಿಸಿ ಅಂಟಿಸಿದರೆ ಮುಗಿಯಿತು. ದಾರ ಕಡಿದಿದ್ದರೆ, ಉಳಿದ ತುಂಡುಗಳನ್ನು ತೆಗೆಯುವ ಮೊದಲು ಅದು ಯಾವ ಪುಲ್ಲಿಗೆ ಎಷ್ಟು ಸುತ್ತು ಸುತ್ತಿದೆ ಎಂದು ಚಿತ್ರ ಬರೆದುಕೊಳ್ಳಬೇಕು. ಹೊಂದಾಣಿಕೆ ನಿಜವಾಗಿಯೂ ಬೇಕಾದಾಗ ಮಧ್ಯಮ ತರಂಗದ ಕೆಳತುದಿಯನ್ನು ಆಸಿಲೇಟರ್ ಸುರುಳಿಯಿಂದ ಸುಮಾರು 600 ಕಿಲೋಹರ್ಟ್ಸ್‌ನಲ್ಲಿ, ಮೇಲ್ತುದಿಯನ್ನು ಟ್ರಿಮ್ಮರ್ ಎಂಬ ಸಣ್ಣ ಹೊಂದಾಣಿಕೆ ಕೆಪಾಸಿಟರಿನಿಂದ 1400ರ ಆಸುಪಾಸಿನಲ್ಲಿ ಸರಿಪಡಿಸುತ್ತಾರೆ. ಬೆಂಗಳೂರು ಆಕಾಶವಾಣಿಯ ತರಂಗಾಂತರ 612 ಆಗಿರುವುದು ಇಲ್ಲಿಯವರಿಗೆ ಒಂದು ಅನುಕೂಲ. ಸಿಗ್ನಲ್ ಜನರೇಟರ್ ಇಲ್ಲದೆಯೂ ಕೆಳತುದಿಗೆ ಗುರುತು ಸಿಕ್ಕಂತಾಗುತ್ತದೆ. ಧಾರವಾಡದ ಸುತ್ತಮುತ್ತ ಇರುವವರು 765ನ್ನು ಡಯಲಿನ ಅಳತೆ ಪರೀಕ್ಷಿಸಲು ಬಳಸಬಹುದು.

ಮಧ್ಯಮ ತರಂಗದಲ್ಲಿ ಬರೀ ಗುರ್ ಎನ್ನುತ್ತಿದ್ದರೆ ಸೆಟ್ಟನ್ನು ದೂರುವ ಮೊದಲು ಮನೆಯ ಎಲ್‌ಇಡಿ ಬಲ್ಬು, ಫೋನ್ ಚಾರ್ಜರುಗಳನ್ನು ಆರಿಸಿ, ಸೆಲ್ಲಿನ ಮೇಲೆ ಅಂಗಳದಲ್ಲಿ ಇಟ್ಟು ನೋಡಬೇಕು. ಆ ಕಾಲದಲ್ಲಿ ಇಲ್ಲದ ಗದ್ದಲ ಇಂದು ನಮ್ಮ ಗೋಡೆಗಳೊಳಗೇ ಇದೆ. ಜಪಾನಿನ ದೇಶೀ ಸೆಟ್ಟುಗಳಲ್ಲಿ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಇರುವುದರಿಂದ ನಮ್ಮ 88ರಿಂದ 108ರ ಸ್ಟೇಷನ್ನುಗಳಲ್ಲಿ ಬಹುತೇಕ ಯಾವುವೂ ಅದರಲ್ಲಿ ಬರುವುದಿಲ್ಲ, ಅದು ದೋಷವಲ್ಲ.

ಹೊರಮೈಗೆ ತಿಳಿ ಸೋಪಿನ ನೀರು, ಮೆತ್ತನೆಯ ಬ್ರಶ್ ಇಷ್ಟೇ ಸಾಕು. ಥಿನ್ನರ್ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ; ಡಯಲಿನ ಪಾರದರ್ಶಕ ಫಲಕಕ್ಕೆ ಆಲ್ಕೋಹಾಲ್ ಬಿದ್ದರೆ ಬಿರುಕು ಬಿಡಬಹುದು, ಅದರ ಹಿಂಬದಿಯಲ್ಲಿ ಮುದ್ರಿಸಿದ ಅಂಕಿಗಳು ಒಂದೇ ಒರೆಸಿಗೆ ಅಳಿಸಿಹೋಗಬಹುದು. ಅಳಿದ ಅಂಕಿಗಳನ್ನು ಮತ್ತೆ ಬರೆಯುವುದು ಸಾಧ್ಯವಾದರೂ ಅದು ಮೊದಲಿನಂತೆ ಕಾಣುವುದಿಲ್ಲ. ಹಳೆಯ ಸೆಟ್ಟಿನ ಒಳಗನ್ನೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸುವುದು ಈಗ ರೂಢಿಯಾಗುತ್ತಿದೆ. ಅದನ್ನು ಜೀರ್ಣೋದ್ಧಾರ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ; ಉಳಿದದ್ದು ಪೆಟ್ಟಿಗೆ ಮಾತ್ರ, ಮನೆಯ ಕ್ಯಾಸೆಟ್ಟುಗಳನ್ನು ಅದೇ ಓರೆಯಲ್ಲಿ ಓದಬಲ್ಲ ಆ ಒಂದೇ ಹೆಡ್ಡು ಕಸದ ಬುಟ್ಟಿಗೆ ಹೋಗಿರುತ್ತದೆ. ಬ್ಲೂಟೂತ್ ಬೇಕೇ ಬೇಕಿದ್ದರೆ ಹೊರಗಿನ ಇನ್‌ಪುಟ್ ಸಾಕೆಟ್ಟಿಗೆ ಬೇರೊಂದು ಸಣ್ಣ ರಿಸೀವರ್ ಜೋಡಿಸಬಹುದು, ಯಾವ ತಂತಿಯನ್ನೂ ಕತ್ತರಿಸಬೇಕಾಗಿಲ್ಲ.

ಕ್ಯಾಸೆಟ್ಟಿನ ಪ್ರತಿ ತೆಗೆಯುವಾಗ ಸೆಟ್ಟನ್ನು ಸೆಲ್ಲಿನ ಮೇಲೆ ಓಡಿಸಿದರೆ ಹಮ್ ಬರುವುದಿಲ್ಲ. ವರ್ಷಗಟ್ಟಲೆ ತಿರುಗದ ಟೇಪನ್ನು ನೇರವಾಗಿ ಫಾಸ್ಟ್ ಫಾರ್ವರ್ಡ್ ಮಾಡದೆ, ಆರು ಕೋನದ ಪೆನ್ಸಿಲಿನಿಂದ ಕೆಲವು ಸುತ್ತು ತಿರುಗಿಸಿ ಸಡಿಲಿಸಿದ ಮೇಲೆ ಪ್ಲೇ ಮಾಡಬೇಕು. ಲೈನ್ ಔಟ್ ಇದ್ದರೆ ಅದರಿಂದ, ಇಲ್ಲದಿದ್ದರೆ ಇಯರ್‌ಫೋನ್ ಸಾಕೆಟ್ಟಿನಿಂದ ವಾಲ್ಯೂಮನ್ನು ಮೂರನೇ ಒಂದು ಭಾಗದಷ್ಟು ಇಟ್ಟು ಕಂಪ್ಯೂಟರಿಗೆ ಕೊಟ್ಟು, ಎಂಪಿ3 ಮಾಡದೆ ವೇವ್ ಫೈಲಾಗಿಯೇ ಉಳಿಸಬೇಕು. ಗದ್ದಲ ತೆಗೆಯುವ ಕೆಲಸವನ್ನು ಅದರ ನಕಲಿನ ಮೇಲೆ ಮಾಡಬೇಕು. ಕೆಲಸ ಮುಗಿದ ಮೇಲೆ ಸೆಟ್ಟಿನಿಂದ ಸೆಲ್ ತೆಗೆದಿಡಬೇಕು, ಪ್ಲೇ ಗುಂಡಿಯನ್ನು ಒತ್ತಿದ ಸ್ಥಿತಿಯಲ್ಲಿ ಬಿಡಬಾರದು; ಹಾಗೆ ಬಿಟ್ಟರೆ ಕ್ಯಾಪ್‌ಸ್ಟನ್ ಒತ್ತಿದ ಜಾಗದಲ್ಲಿ ಪಿಂಚ್ ರೋಲರಿಗೆ ತಗ್ಗು ಬೀಳುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಹಾಡಿಸಿದರೆ ಬೆಲ್ಟು ಒಂದೇ ಆಕಾರಕ್ಕೆ ಸೆಟೆಯುವುದಿಲ್ಲ, ಸ್ವಿಚ್ಚಿನ ಸಂಪರ್ಕಗಳೂ ಉಜ್ಜಿಕೊಂಡು ಶುಚಿಯಾಗಿರುತ್ತವೆ.